ಎಲ್ ಬೋರ್ಡ್ ಇರುವಾಗ ಇನ್ಶೂರೆನ್ಸ್ ಸಿಗ್ತದಾ?

ಕಾಲೇಜು ಶುರುವಾಗುವ ಸಮಯ ಅಲ್ವಾ, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮೊದಲ ಬೈಕಿನದ್ದೇ. ಅದರಲ್ಲಿ ಐದನ್ನು ತೆಗೊಂಡಿದ್ದೇನೆ. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಅದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ಓದಿ ಹೇಳಿ.

ಪ್ರಶ್ನೆ: ನಾನು ಪೆರ್ಲದವ, 19 ವರ್ಷ, ಕಾಸರಗೋಡು ಗವರ್ನಮೆಂಟ್ ಕಾಲೇಜಿಗೆ ಹೋಗುದು. ಬೆಳಿಗ್ಗೆ ಬಸ್ಸಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ. ಅಪ್ಪ ಶಾರ್ಜಾದಲ್ಲಿ, ಬೈಕಿಗೆ ಹಣ ಕಳಿಸಿದ್ದಾರೆ, ಆದ್ರೆ ಆರ್‌ಸಿ ಅವರ ಹೆಸರಲ್ಲೇ ಇರ್ಲಿ ಅಂತಾರೆ. ನನಗೆ ಲರ್ನರ್ಸ್ ಸಿಕ್ಕಿ ಮೂರು ವಾರ ಆಯ್ತು. ಲರ್ನರ್ಸ್‌ನಲ್ಲಿ ಬಿಟ್ರೆ ಇನ್ಶೂರೆನ್ಸ್ ಸಿಗುದಿಲ್ಲ ಅಂತ ಒಬ್ಬ, ಸಿಗ್ತದೆ ಅಂತ ಇನ್ನೊಬ್ಬ. ಯಾವುದು ಸರಿ?

ಉತ್ತರ: ಸಿಗ್ತದೆ, ಆದ್ರೆ ಸುಮ್ಮನೆ ಸಿಗುದಿಲ್ಲ. ನಿಮ್ಮ ಪಾಲಿಸಿಯ ಕಾಗದ ಬಂದ ಮೇಲೆ ಅದರಲ್ಲಿ ಬೈಕ್ ಯಾರು ಬಿಡಬಹುದು ಅಂತ ಹೇಳುವ ಒಂದು ಪ್ಯಾರಾ ಉಂಟು, ಡ್ರೈವರ್ಸ್ ಕ್ಲಾಝ್ (ಚಾಲಕರ ಷರತ್ತು) ಅಂತಾರೆ, ಸಣ್ಣ ಅಕ್ಷರ, ಯಾರೂ ಓದುದಿಲ್ಲ. ಲರ್ನರ್ಸ್ ಇದ್ದವರೂ ಬಿಡಬಹುದು, ಆದ್ರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು ಅಂತ ಅದ್ರಲ್ಲಿ ಬರೆದಿರ್ತದೆ. ಹಾಗಾಗಿ ನಿಮ್ಮ ಇಡೀ ಪ್ರಶ್ನೆ ಈ 3ನೇ ನಿಯಮದಲ್ಲೇ ಉಂಟು. ಲರ್ನರ್ಸ್ ಚಾಲ್ತಿಯಲ್ಲಿರಬೇಕು, ಅದಕ್ಕೆ 6 ತಿಂಗಳ ವಾಯಿದೆ. ಜೊತೆಗೆ ಆ ಗಾಡಿಗೆ ಲೈಸನ್ಸ್ ಇರುವ ಒಬ್ಬರು ಕಲಿಸುವವರಾಗಿ ಇರಬೇಕು, ಬೈಕಿನ ಹಿಂದೆ ಕೂರುವ ಅವಕಾಶ ಅವರೊಬ್ಬರಿಗೆ ಮಾತ್ರ, ಫ್ರೆಂಡನ್ನು ಚೆರ್ಕಳದವರೆಗೆ ಬಿಟ್ಟು ಬರ್ತೇನೆ ಅಂದ್ರೆ ಅಲ್ಲಿಗೆ ನಿಯಮ ಮುರಿದ ಹಾಗೆ. ಮತ್ತೆ ಎದುರು ಹಿಂದೆ ಎರಡೂ ಕಡೆ ಎಲ್ ಬೋರ್ಡ್. ಅದಕ್ಕೂ ಅಳತೆ ಉಂಟು, 18 ಸೆಂಟಿಮೀಟರಿಗೆ ಕಡಿಮೆ ಆಗದ ಬಿಳಿ ಚೌಕ, ಅದರಲ್ಲಿ ಕೆಂಪು ಅಕ್ಷರ 10 ಸೆಂಟಿಮೀಟರ್ ಎತ್ತರ, 2 ದಪ್ಪ, ಬುಡದಲ್ಲಿ 9 ಅಗಲ. ನಮ್ಮ ಊರಲ್ಲಿ ನೋಟ್‌ಬುಕ್ಕಿನ ರಟ್ಟಿಗೆ ಸ್ಕೆಚ್ ಪೆನ್ನಲ್ಲಿ ಬರೆದು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡು ಹೋಗ್ತಾರೆ, ಜೂನ್‌ನ ಒಂದೇ ಮಳೆಗೆ ಕೆಂಪು ಬಣ್ಣ ಇಳಿದು ಮಡ್‌ಗಾರ್ಡಿಗೆಲ್ಲ ಹರಿದು ಬೋರ್ಡ್ ಖಾಲಿ ಆಗಿರ್ತದೆ. 30 ರೂಪಾಯಿಯ ಸ್ಟಿಕರ್ ತೆಗೊಳ್ಳಿ.

ಕೋರ್ಟಿನ ಮಾತೂ ನಿಮ್ಮ ಪರವೇ ಉಂಟು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಲರ್ನರ್ಸ್ ಕೂಡ ಕಾನೂನು ಪ್ರಕಾರ ಲೈಸನ್ಸೇ, ಅದಿದ್ದವ ಬಿಟ್ಟ ಅಂತ ಹೇಳಿ ಕಂಪೆನಿ ಜಾರಿಕೊಳ್ಳುವಂತಿಲ್ಲ ಅಂತ ಹೇಳಿದೆ. ಆದ್ರೆ ನಿಯಮ ಮುರಿದದ್ದು ಗೊತ್ತಾದ್ರೆ ಪೆಟ್ಟಾದವರಿಗೆ ಕಂಪೆನಿ ಮೊದಲು ಕೊಟ್ಟು ಆಮೇಲೆ ಓನರ್‌ನಿಂದ ವಸೂಲು ಮಾಡುವ ದಾರಿ ಉಂಟು, ಇಲ್ಲಿ ಓನರ್ ಅಂದ್ರೆ ಶಾರ್ಜಾದಲ್ಲಿರುವ ನಿಮ್ಮ ಅಪ್ಪ.

ಈಗ ಅಪ್ಪನ ಹೆಸರಿನ ವಿಷಯ. ನನಗೆ ನಿಜವಾಗಿ ಸಂಕಟ ಆಗುದು ಇದರಲ್ಲೇ, ಯಾಕಂದ್ರೆ ಗಲ್ಫಲ್ಲಿ ಅಪ್ಪ ಇರುವ ನಮ್ಮ ಎಷ್ಟೋ ಮನೆಗಳಲ್ಲಿ ಹೀಗೇ ಮಾಡುದು. ಪಾಲಿಸಿಯ ಜೊತೆ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಅಂತ ಒಂದು ಬರ್ತದೆ. ಬಿದ್ದು ಜೀವ ಹೋದ್ರೆ, ಕೈಕಾಲು ಅಥವಾ ಕಣ್ಣು ಹೋದ್ರೆ ಸಿಗುವ ಹಣ ಅದು. ಆದ್ರೆ ಯಾರಿಗೆ? ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಹೆಸರಿರುವ ಓನರ್‌ಗೆ, ಅವರಲ್ಲಿ ಲೈಸನ್ಸ್ ಇದ್ದು ಅವರೇ ಬಿಡ್ತಾ ಇದ್ದಾಗ. ದಿನಾ ಪೆರ್ಲದಿಂದ ವಿದ್ಯಾನಗರಕ್ಕೆ ಹೋಗಿ ಬರುದು ನೀವು, ಕವರ್ ಇರುದು ವರ್ಷಕ್ಕೊಮ್ಮೆ ಊರಿಗೆ ಬರುವವರಿಗೆ. ನಿಮಗೆ 18 ಆಗಿದೆ, ಗಾಡಿ ನಿಮ್ಮ ಹೆಸರಲ್ಲೇ ರಿಜಿಸ್ಟರ್ ಆಗ್ತದೆ, ಲರ್ನರ್ಸ್ ಇದ್ದು 3ನೇ ನಿಯಮ ಪಾಲಿಸಿದ್ರೆ ಆ ಕವರೂ ನಿಮಗೆ ಸಿಗ್ತದೆ. ನಾಮಿನಿ ಜಾಗದಲ್ಲಿ ಅಮ್ಮನ ಹೆಸರು ಹಾಕಿಸಿ. ಅಪ್ಪನಿಗೆ ಫೋನ್ ಮಾಡಿ ಇಷ್ಟು ಹೇಳಿದ್ರೆ ಖಂಡಿತ ಒಪ್ಪಿಯಾರು.

ಪ್ರಶ್ನೆ: ಮಗನಿಗೆ 17, ಪ್ಲಸ್ ಟು. ಟ್ಯೂಷನ್‌ಗೆ ಮಾತ್ರ, ಒಳರಸ್ತೆಯಲ್ಲೇ ಹೋಗುದು, ಬೈಕ್ ಕೊಡಬಹುದಾ? (ಕುಂಬಳೆಯಿಂದ ಒಬ್ಬ ತಾಯಿ)

ಉತ್ತರ: ಬೇಡ ಅಮ್ಮ. ಗೇರ್ ಇರುವ ಬೈಕಿಗೆ 18 ಆಗಲೇಬೇಕು. 2019ರ ತಿದ್ದುಪಡಿ ಆದ ಮೇಲೆ ಸಿಕ್ಕಿಬಿದ್ರೆ ಹೆತ್ತವರಿಗೆ ಅಥವಾ ಓನರ್‌ಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗುವವರೆಗೆ ಲರ್ನರ್ಸ್ ಕೂಡ ಇಲ್ಲ. ಇನ್ನೊಂದು ವರ್ಷ ಬಸ್ಸಲ್ಲಿ ಹೋಗ್ಲಿ.

ಪ್ರಶ್ನೆ: ಹೊಸ ಬೈಕಿಗೆ 5 ವರ್ಷದ ಇನ್ಶೂರೆನ್ಸ್ ಕಟ್ಟಿದ್ದೇನೆ, ಇನ್ನು 5 ವರ್ಷ ತಲೆಬಿಸಿ ಇಲ್ಲ ಅಲ್ವಾ? (ಬದಿಯಡ್ಕ)

ಉತ್ತರ: ತಲೆಬಿಸಿ ಉಂಟು, ಒಂದೇ ವರ್ಷದಲ್ಲಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಟೂವೀಲರಿಗೆಲ್ಲ 5 ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಸುಪ್ರೀಂ ಕೋರ್ಟ್ ಹೇಳಿದ್ದು. ಥರ್ಡ್ ಪಾರ್ಟಿ ಅಂದ್ರೆ ನಿಮ್ಮ ಬೈಕ್ ತಾಗಿ ಬೇರೆಯವರಿಗೆ ಆದದ್ದಕ್ಕೆ ಮಾತ್ರ. ನಿಮ್ಮ ಬೈಕಿಗೇ ಪೆಟ್ಟಾದ್ರೆ, ಕಳವಾದ್ರೆ, ಮಳೆಗಾಲದಲ್ಲಿ ಮರ ಬಿದ್ರೆ ಸಿಗುದು ಓನ್ ಡ್ಯಾಮೇಜ್, ಅದು ಹೆಚ್ಚಿನವರಿಗೆ ಒಂದು ವರ್ಷದ್ದು ಮಾತ್ರ ಇರ್ತದೆ. ಪಾಲಿಸಿ ತೆಗೆದು ನೋಡಿ, ಎರಡು ಬೇರೆ ಬೇರೆ ಕೊನೆ ದಿನಾಂಕ ಇರ್ತದೆ. ಪರ್ಸನಲ್ ಆಕ್ಸಿಡೆಂಟಿನದ್ದೂ ಎಷ್ಟು ವರ್ಷಕ್ಕೆ ಅಂತ ಅಲ್ಲೇ ನೋಡಿಕೊಳ್ಳಿ.

ದುಡ್ಡಿನ ಲೆಕ್ಕವೂ ಹೇಳ್ತೇನೆ. ಥರ್ಡ್ ಪಾರ್ಟಿಯ ರೇಟ್ ಸರಕಾರ ನಿಗದಿ ಮಾಡುದು, ಅದ್ರಲ್ಲಿ ಶೋರೂಂನವರು ಡಿಸ್ಕೌಂಟ್ ಕೊಡ್ಲಿಕ್ಕೂ ಇಲ್ಲ, ಜಾಸ್ತಿ ತೆಗೀಲಿಕ್ಕೂ ಇಲ್ಲ. 2022ರ ಜೂನ್ 1ರಿಂದ ಬಂದ ರೇಟಿನಲ್ಲಿ ಹೊಸ ಬೈಕಿಗೆ 5 ವರ್ಷದ್ದು 75ರಿಂದ 150 ಸಿಸಿವರೆಗೆ 3,851, 150ರಿಂದ 350ರವರೆಗೆ 7,365, ಅದರ ಮೇಲೆ 15,117 ರೂಪಾಯಿ, ಇದಕ್ಕೆ 18% ಜಿಎಸ್‌ಟಿ ಬೇರೆ. ಉಳಿದದ್ದರಲ್ಲಿ ಕಂಪೆನಿಯಿಂದ ಕಂಪೆನಿಗೆ ವ್ಯತ್ಯಾಸ ಉಂಟು, ಶೋರೂಂನವರು ಹೇಳಿದಲ್ಲೇ ಮಾಡಿಸ್ಬೇಕು ಅಂತ ಇಲ್ಲ, ಎರಡು ಕಡೆ ಕೊಟೇಷನ್ ಕೇಳಿ. ಕಲಿಯುವವರಿಗೆ ನಾನು ಬಂಪರ್ ಟು ಬಂಪರ್ (ಭಾಗಗಳಿಗೆ ಸವಕಳಿ ಕಳೆಯದೆ ಹಣ ಕೊಡುವ ಕವರ್) ತೆಗೊಳ್ಳಿ ಅಂತಲೇ ಹೇಳುದು, ಯಾಕಂದ್ರೆ ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆಲ್ಲ ಅರ್ಧ ಹಣ ನಿಮ್ಮದೇ ಕೈಯಿಂದ ಹೋಗುದು, ಹೊಸಬರು ಬಿದ್ದಾಗ ಒಡೆಯುದು ಕೂಡ ಅದೇ, ಇಂಡಿಕೇಟರ್, ಸೈಡ್ ಪ್ಯಾನೆಲ್, ಎದುರಿನ ಮಡ್‌ಗಾರ್ಡ್.

ಪ್ರಶ್ನೆ: ನನಗೆ ಮೊದಲಿಂದಲೂ ಬುಲೆಟ್ಟೇ ಆಸೆ. ಕಲಿಯುದೂ ಅದರಲ್ಲೇ ಆದ್ರೆ ಆಗುದಿಲ್ವಾ? (ಉಪ್ಪಳದ ವಿದ್ಯಾರ್ಥಿನಿ)

ಉತ್ತರ: ಆಸೆ ತಪ್ಪಲ್ಲ. ಆದ್ರೆ ಬುಲೆಟ್ 350 ಸುಮಾರು 195 ಕಿಲೋ, ಸ್ಪ್ಲೆಂಡರ್ ಸುಮಾರು 112. ಟೆಸ್ಟಿನಲ್ಲಿ ಕಾಲು ಊರದೆ ಎಂಟು ಹಾಕ್ಬೇಕು, ಮನೆ ಅಂಗಳದಿಂದ ರಸ್ತೆಗೆ ಹತ್ತಿಸುವ ಮುರಕಲ್ಲಿನ ಏರು ಬೇರೆ ಉಂಟು, ಮಳೆಗೆ ಅಲ್ಲಿ ಪಾಚಿ ಹಿಡಿದಿರ್ತದೆ. ಅಲ್ಲಿ ಒಮ್ಮೆ ವಾಲಿದ್ರೆ 195 ಕಿಲೋ ಒಬ್ಬರೇ ಹಿಡಿದು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಯಾರಾದ್ರೂ ಕಸಿನ್‌ನ ಹಳೇ ನೂರು ಸಿಸಿ ಬೈಕಲ್ಲಿ ಕಲಿತು ಲೈಸನ್ಸ್ ಮಾಡಿ, ಒಂದು ಮಳೆಗಾಲ ಕಳೆದ ಮೇಲೆ ಬುಲೆಟ್ ತೆಗೀರಿ. ಎರಡು ಕಾಲೂ ನೆಲಕ್ಕೆ ಪೂರ್ತಿ ತಾಗ್ತದಾ ಅಂತ ಶೋರೂಂನಲ್ಲಿ ಕೂತು ನೋಡಿಯೇ ಬುಕ್ ಮಾಡಿ.

ಪ್ರಶ್ನೆ: ಮುಳ್ಳೇರಿಯಾದಲ್ಲಿ ಪರಿಚಯದವರಿಂದ 4 ವರ್ಷ ಹಳೇ ಬೈಕ್ ತೆಗೊಂಡೆ. ಇನ್ಶೂರೆನ್ಸ್ ಇನ್ನೂ 7 ತಿಂಗಳು ಉಂಟು, ಫುಲ್ ಕವರ್. ಮುಗಿದ ಮೇಲೆ ನನ್ನ ಹೆಸರಿಗೆ ಮಾಡಿದ್ರೆ ಸಾಕಲ್ವಾ?

ಉತ್ತರ: ಸಾಲದು, ಇದು ನನಗೆ ಆದ ಪೆಟ್ಟು. 2011ರಲ್ಲಿ ನಾನೂ ಹೀಗೇ ಹಳೇ ಬೈಕ್ ತೆಗೊಂಡು, ಆರ್‌ಸಿ ನನ್ನ ಹೆಸರಿಗೆ ಮಾಡಿಸಿ, ಇನ್ಶೂರೆನ್ಸ್ ಹೇಗೂ ಉಂಟಲ್ಲ ಅಂತ ಬಿಟ್ಟೆ. ಜುಲೈಯಲ್ಲಿ ಆದೂರಿನ ಹತ್ರ ಇಳಿಜಾರಿನಲ್ಲಿ, ಗುಡ್ಡದಿಂದ ನೀರು ತಂದು ಹಾಕಿದ ಕೆಂಪು ಮಣ್ಣು ರಸ್ತೆಗೆ ಅಡ್ಡ ನಿಂತಿತ್ತು, ಎದುರಿನ ಬ್ರೇಕ್ ಹಿಡಿದೆ, ಬೈಕ್ ಅಡ್ಡ ಬಿದ್ದು ಚರಂಡಿಯ ಕಲ್ಲಿಗೆ ಹೋಗಿ ಹೊಡೆಯಿತು. ಫೋರ್ಕ್ ಬಗ್ಗಿತು, ಹೆಡ್‌ಲೈಟ್ ಪುಡಿ. ನನ್ನ ಮೊಣಕೈಯ ಚರ್ಮ ಹೋದದ್ದು ಬಿಟ್ರೆ ಜೀವಕ್ಕೆ ಏನೂ ಆಗ್ಲಿಲ್ಲ. ಕ್ಲೇಮಿಗೆ ಹೋದ್ರೆ ಆರ್‌ಸಿ ನಿಮ್ಮ ಹೆಸರು, ಪಾಲಿಸಿ ಬೇರೆಯವರ ಹೆಸರು, ಕೊಡ್ಲಿಕ್ಕೆ ಬರುದಿಲ್ಲ ಅಂತ ಫೈಲ್ ವಾಪಸ್ ಕೊಟ್ರು. ಅವರು ಹೇಳಿದ್ದು ಕಾನೂನು ಪ್ರಕಾರ ಸರಿಯೇ. ಗಾಡಿ ಕೈ ಬದಲಾದಾಗ ಥರ್ಡ್ ಪಾರ್ಟಿ ತನ್ನಿಂತಾನೇ ಹೊಸಬರಿಗೆ ಬರ್ತದೆ, ಓನ್ ಡ್ಯಾಮೇಜ್ ಹಾಗೆ ಬರುದಿಲ್ಲ. ತೆಗೊಂಡು 14 ದಿನದೊಳಗೆ ಕಂಪೆನಿಗೆ ತಿಳಿಸಿ ಹೆಸರು ಬದಲಿಸ್ಬೇಕು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಅವರದ್ದೇ, ಬೈಕಿನದ್ದಲ್ಲ, ಆ ವ್ಯತ್ಯಾಸದ ಹಣ ನೀವು ಕಟ್ಟಬೇಕಾಗ್ತದೆ, ಕಟ್ಟಿ.

ಆರ್‌ಸಿಯ ವಿಷಯ ನೀವು ಬರೆದೇ ಇಲ್ಲ. ಫಾರ್ಮ್ 29, 30 ಹಾಕಿ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿ, ಬೈಕಿಗೆ ಸಾಲ ಇದ್ದಿದ್ರೆ ಅದು ತೀರಿದೆ ಅಂತ ಬ್ಯಾಂಕಿನಿಂದ ಫಾರ್ಮ್ 35 ಕೂಡ ಕೇಳಿ. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ಆರ್‌ಸಿಯಲ್ಲಿ ಯಾರ ಹೆಸರು ಉಂಟೋ ಕಾನೂನಿನ ಕಣ್ಣಲ್ಲಿ ಅವರೇ ಓನರ್, ಗಾಡಿ ಯಾವತ್ತೋ ಮಾರಿ ಆಗಿದ್ರೂ ಪರಿಹಾರದ ಹೊಣೆ ಅವರ ಮೇಲೇ. ಹಾಗಾಗಿ ಇದು ಮಾರಿದವರಿಗೂ ಬೇಕಾದ ಕೆಲಸ. ಪರಿಚಯದವರೇ ಅಲ್ವಾ, ಸಹಿಗೆ ನಾಳೆಯೇ ಹೋಗಿ, 14 ದಿನ ಎಣಿಸ್ಲಿಕ್ಕೆ ಶುರುವಾಗಿ ಆಗಿದೆ.