ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹಳೇ ವ್ಯಾಗನ್ ಆರ್ ಎಡಕ್ಕೇ ಎಳೆಯುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ನಾಲ್ಕು ವರ್ಷದ ಹಿಂದೆ ನನ್ನದೂ ಇದೇ ಪಾಡು. ನಿಮ್ಮದು 2009ರ ವ್ಯಾಗನ್ ಆರ್, ಹುಬ್ಬಳ್ಳಿಯಿಂದ ಗದಗಕ್ಕೆ ದಿನಾ ಓಡಾಟ, ಗಾಡಿ ಎಡಕ್ಕೆ ಎಳೆಯುತ್ತದೆ, ನೇರ ಹೋಗುವಾಗಲೂ ಸ್ಟೀರಿಂಗ್ ಸೊಟ್ಟ, 80 ಮುಟ್ಟಿದರೆ ಕೈ ನಡುಗುತ್ತದೆ, ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದೀರಿ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಇಷ್ಟೇ ಅಲ್ವಾ? ನಾನು ಮೆಕ್ಯಾನಿಕ್ ಅಲ್ಲ. ಧಾರವಾಡದವನು, 2003ರ ಮಾರುತಿ 800 ಇಟ್ಟುಕೊಂಡು ಅದರ ಅಡಿಯಲ್ಲಿ ಮಲಗಿ ಮಲಗಿ ಒಂದಿಷ್ಟು ಕಲಿತಿದ್ದೇನೆ.

ಸದ್ಯಕ್ಕೆ ಮೂರನೇ ಸಲ ಅಲೈನ್‌ಮೆಂಟ್‌ಗೆ ಹೋಗಬೇಡಿ. ಆ ಮಷಿನ್ ಚಕ್ರ ನಿಂತ ಕೋನ ಅಳೆಯುತ್ತದೆ, ಅಷ್ಟೇ. ಯಾವ ಜಾಯಿಂಟ್ ಸಡಿಲ ಆಗಿದೆ, ಯಾವ ಬುಷ್ (ಜೋಡಣೆಯ ರಬ್ಬರ್) ಹರಿದಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಗೂಟವೇ ಅಲ್ಲಾಡುವಾಗ ಎಮ್ಮೆ ಕಟ್ಟಿದ ಹಗ್ಗದ ಅಳತೆ ಹಿಡಿದು ಏನು ಉಪಯೋಗ? ಅಲೈನ್‌ಮೆಂಟ್ ಎಲ್ಲ ಮುಗಿದ ಮೇಲೆ ಮಾಡುವ ಕೊನೇ ಕೆಲಸ.

ಇನ್ನೊಂದು, ನೀವು ಮೂರು ತೊಂದರೆಯನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ನಡುಗುವುದು, ಎಳೆಯುವುದು, ಸ್ಟೀರಿಂಗ್ ಸೊಟ್ಟ ಇರುವುದು, ಮೂರಕ್ಕೂ ಕಾರಣ ಬೇರೆ ಬೇರೆ ಇರಬಹುದು.

ನಡುಗುವುದು ಸುಲಭ, ಅದನ್ನು ಮೊದಲು ಮುಗಿಸಿ. ಒಂದು ವೇಗಕ್ಕೆ ಶುರುವಾಗಿ ಅದನ್ನು ದಾಟಿದರೆ ಕಡಿಮೆ ಆಗುತ್ತದೆ ಅಂದರೆ ಅದು ಬಹುಮಟ್ಟಿಗೆ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಇಲ್ಲ) ಅಥವಾ ಬೆಂಡಾದ ರಿಮ್. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಆದರೆ ದುಡ್ಡು ಕೊಡುವ ಮೊದಲು ಚಕ್ರ ಬಿಚ್ಚಿ ರಿಮ್ಮಿನ ಒಳಮೈ ನೋಡಿ. ನೀವು ಓಡಾಡುವುದು ಅಣ್ಣಿಗೇರಿ ಕಡೆಯ ಎರೆ ಭೂಮಿಯಲ್ಲಿ. ಮಳೆಗಾಲದಲ್ಲಿ ಒಂದು ಸಲ ಹೊಲದ ದಾರಿಗೆ ಇಳಿದರೆ ಆ ಮಣ್ಣು ರಿಮ್ಮಿನ ಒಳಗೆ ಮೆತ್ತಿಕೊಂಡು, ಒಣಗಿ, ಸಿಮೆಂಟಿನ ಹಾಗೆ ಕೂತುಬಿಡುತ್ತದೆ. ಬ್ಯಾಲೆನ್ಸಿಂಗ್‌ನಲ್ಲಿ ಐದು, ಹತ್ತು ಗ್ರಾಮ್‌ಗೆಲ್ಲ ಲೆಕ್ಕ ಇರುತ್ತದೆ. ಅಂಗೈಯಷ್ಟು ಎರೆ ಮಣ್ಣು ಒಂದೇ ಕಡೆ ಕೂತರೆ ಗಾಡಿ ನಡುಗದೇ ಇನ್ನೇನು ಮಾಡೀತು? ನಾನೊಮ್ಮೆ ನವಲಗುಂದಕ್ಕೆ ಮದುವೆಗೆ ಹೋಗಿ ಬಂದ ಮೇಲೆ ವಾರಗಟ್ಟಲೆ ಗಾಡಿ ನಡುಗುತ್ತಿತ್ತು, ಸ್ಕ್ರೂ ಡ್ರೈವರ್‌ನಿಂದ ಮಣ್ಣು ಕೆರೆದ ಮೇಲೆ ಸರಿಹೋಯಿತು. ಖರ್ಚು ಸೊನ್ನೆ.

ಈಗ ಎಳೆಯುವುದು. ಇದರಲ್ಲಿ ಸ್ವಲ್ಪ ತಾಳ್ಮೆ ಬೇಕು. ನಮ್ಮ ರಸ್ತೆಗಳಿಗೆ ನೀರು ಹರಿಯಲಿ ಅಂತ ಎಡಗಡೆಗೆ ಇಳಿಜಾರು ಕೊಟ್ಟಿರುತ್ತಾರೆ, ಅದರ ಮೇಲೆ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ರಸ್ತೆಯ ಅಂಚು ಬೇರೆ ಕುಸಿದಿರುತ್ತದೆ. ಹಾಗಾಗಿ ಎಲ್ಲ ಸರಿಯಿದ್ದ ಗಾಡಿಯೂ ಕೈಬಿಟ್ಟರೆ ನಿಧಾನಕ್ಕೆ ಎಡಕ್ಕೆ ಸರಿಯುತ್ತದೆ. ಅದು ರೋಗ ಅಲ್ಲ. ನಾನು ಪರೀಕ್ಷೆಗೆ ಭಾನುವಾರ ಮುಂಜಾನೆ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗುತ್ತೇನೆ, ಖಾಲಿ ಇರುತ್ತದೆ. ಸಪಾಟು ಜಾಗ ಸಿಕ್ಕರೆ 40ರಲ್ಲಿ ಹೋಗುತ್ತಾ ಕೈ ಹಗುರ ಮಾಡಿ ನೋಡಿ. ಅಲ್ಲೂ ಥಟ್ಟನೆ ಎಡಕ್ಕೆ ಹೋದರೆ ಮಾತ್ರ ಮುಂದೆ ಹುಡುಕಬೇಕು.

ಹೊರಡುವ ಮೊದಲು, ಟೈರ್ ತಣ್ಣಗಿರುವಾಗ, ಬಾಗಿಲಿನ ಹತ್ತಿರದ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿ ಹಾಕಿಸಿ. ಪಂಕ್ಚರ್ ಅಂಗಡಿಯವನು ಎಲ್ಲ ಗಾಡಿಗೂ ಒಂದೇ ಲೆಕ್ಕದಲ್ಲಿ ತುಂಬುತ್ತಾನೆ, ಅದನ್ನು ನಂಬಬೇಡಿ. ಆಮೇಲೆ ಮುಂದಿನ ಎರಡು ಟೈರ್ ಎಡ-ಬಲ ಅದಲುಬದಲು ಮಾಡಿ (ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಬೇಡ). ಎಳೆತ ಬಲಕ್ಕೆ ತಿರುಗಿದರೆ ತಪ್ಪು ಟೈರಿನದು, ಅಲೈನ್‌ಮೆಂಟಿನದಲ್ಲ. ರೇಡಿಯಲ್ ಟೈರಿನ ಒಳಗಿನ ಬೆಲ್ಟ್ ಸ್ವಲ್ಪ ಓರೆಯಾಗಿದ್ದರೆ ಹೊಸ ಟೈರ್ ಕೂಡ ಹೀಗೆ ಎಳೆಯುತ್ತದೆ. ಅರ್ಧ ತಾಸಿನ ಕೆಲಸ ಇದು, ಆದರೆ ಯಾವ ಅಂಗಡಿಯವರೂ ಇದನ್ನು ಮಾಡಿ ತೋರಿಸಿದ್ದು ನಾನು ನೋಡಿಲ್ಲ.

ಬದಲು ಮಾಡಿದ ಮೇಲೂ ಎಡಕ್ಕೇ ಎಳೆದರೆ, ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ರಿಮ್ಮಿನ ಹತ್ತಿರ ಅಂಗೈ ಒಡ್ಡಿ ನೋಡಿ. ಮುಟ್ಟಬೇಡಿ, ಸುಟ್ಟೀತು. ಎಡಗಡೆ ತುಂಬಾ ಜಾಸ್ತಿ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ, ಕ್ಯಾಲಿಪರ್ (ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಪಿನ್ ಒಣಗಿರಬಹುದು.

ಇನ್ನು ಬುಷ್ ವಿಷಯ. ನನಗೆ ನಿಮ್ಮ ಗಾಡಿಯಲ್ಲಿ ಜಾಸ್ತಿ ಅನುಮಾನ ಇದರ ಮೇಲೇ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆ, ಬ್ರೇಕ್ ಒತ್ತಿದಾಗ ಇನ್ನೊಂದು ಕಡೆ ಗಾಡಿ ಸರಿಯುತ್ತದಾ? ಹಂಪು ಇಳಿಯುವಾಗ ಕೆಳಗೆ ಟಕ್ ಅನ್ನುತ್ತದಾ? ಹಾಗಿದ್ದರೆ ಬಹುಮಟ್ಟಿಗೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ತೋಳು) ಬುಷ್ ಹೋಗಿವೆ. ರಬ್ಬರ್ ಹರಿದರೆ ಇಡೀ ಚಕ್ರ ಮುಂದೆ ಹಿಂದೆ ಜಾರುತ್ತದೆ, ಮಷಿನ್ ಮೇಲೆ ಸುಮ್ನೆ ನಿಂತಾಗ ಒಂದು ಅಳತೆ, ರಸ್ತೆಯಲ್ಲಿ ಇನ್ನೊಂದು. ನಾನು ಮೂರು ಸಲ ಅಲೈನ್‌ಮೆಂಟ್‌ಗೆ ದುಡ್ಡು ಸುರಿದ ಮೇಲೆ ಹಳೇ ಮಿಸ್ತ್ರಿಯೊಬ್ಬರು ಗಾಡಿ ಕೆಳಗೆ ಟಾರ್ಚ್ ಹಿಡಿದು ಎರಡೇ ನಿಮಿಷದಲ್ಲಿ ಹೇಳಿದರು: "ಸರ, ಇದು ಅಲೈನ್‌ಮೆಂಟ್ ಅಲ್ರೀ, ಬುಷ್ ಹರದಾವ. ಮೊದ್ಲ ಅವನ್ನ ಹಾಕಸ್ರಿ, ಆಮ್ಯಾಲೆ ಮಷಿನ್ನಿಗೆ ಹೋಗ್ರಿ."

ಬುಷ್ ಹಾಕಿಸುವಾಗ ಒಂದು ಮಾತು ನೆನಪಿಡಿ. ಆ ಬೋಲ್ಟುಗಳನ್ನು ಕೊನೇ ಬಿಗಿ ಮಾಡಬೇಕಾದದ್ದು ಗಾಡಿಯ ಭಾರ ಚಕ್ರದ ಮೇಲೆ ಕೂತಾಗ. ಗಾಡಿ ಜಾಕಿನ ಮೇಲೆ, ಚಕ್ರ ಕೆಳಗೆ ಜೋತುಬಿದ್ದಿರುವಾಗಲೇ ಪಾನಾ ಹಾಕಿ ಬಿಗಿದರೆ, ಕೆಳಗೆ ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ, ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಎಲ್ಲರೂ ಡೂಪ್ಲಿಕೇಟ್ ಮಾಲು ಅಂತ ಬೈಯುತ್ತಾರೆ.

ಜಾಯಿಂಟ್‌ಗಳನ್ನು ನೀವೇ ನೋಡಬಹುದು. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ ಅಲುಗಾಟ, ಇದ್ದರೆ ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರ ತಿರುಗಿಸುವ ಸಲಾಕೆ) ಎಂಡ್ ಅಥವಾ ಅದರ ಒಳಗಿನ ರ‍್ಯಾಕ್ ಎಂಡ್. 12 ಮತ್ತು 6ರಲ್ಲಿ ಹಿಡಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ (ಲೋಯರ್ ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ಅಥವಾ ಬೇರಿಂಗ್. ಆಗ ಒಳಗೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್. ಬಾಲ್ ಜಾಯಿಂಟ್ ಅಂತ ಗೊತ್ತಾದರೆ ಗದಗದ ಓಡಾಟ ಅವತ್ತೇ ನಿಲ್ಲಿಸಿ, ಅದು ಕಳಚಿದರೆ ಚಕ್ರ ಹೊರಗೆ ಮಡಚಿಕೊಳ್ಳುತ್ತದೆ, ತಮಾಷೆ ಅಲ್ಲ. ಹಾಗೇ ಸ್ಟ್ಯಾಂಡ್ ಬದಲು ಇಟ್ಟಂಗಿ ಇಡಬೇಡಿ, ಭಾರಕ್ಕೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನಲ್ಲೇ ಎತ್ತಿಸಿ ನೋಡಿ.

ಟೈರಿನ ಮೈಯನ್ನೂ ಒಮ್ಮೆ ಸವರಿ. ಅಡ್ಡಕ್ಕೆ ಕೈ ಎಳೆದಾಗ ಒಂದು ಕಡೆಯಿಂದ ನುಣುಪು, ವಾಪಸ್ ಬರುವಾಗ ಜೋಳದ ಎಲೆಯ ಹಾಗೆ ಚುಚ್ಚಿದರೆ ಟೋ ತಪ್ಪಿದೆ, ಅಂದರೆ ಚಕ್ರಗಳು ಮುಂದೆ ಒಳಕ್ಕೋ ಹೊರಕ್ಕೋ ತಿರುಗಿವೆ. ಒಂದೇ ಅಂಚು ಸವೆದು ನುಣ್ಣಗಾಗಿದ್ದರೆ ಕ್ಯಾಂಬರ್ (ಚಕ್ರದ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೇಲೆ ಅನುಮಾನ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಓಡಿಸಿದ್ದೀರಿ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ.

ಸ್ಟೀರಿಂಗ್ ಸೊಟ್ಟ ಇರುವುದರ ಬಗ್ಗೆ ನನಗೆ ಸಿಟ್ಟೇ ಇದೆ. ಸರಿಯಾದ ದಾರಿ ಅಂದರೆ ಸ್ಟೀರಿಂಗ್ ನೇರ ಹಿಡಿದು ಲಾಕ್ ಮಾಡಿ, ಎರಡೂ ಕಡೆಯ ಟೈ ರಾಡ್ ತಿರುಗಿಸಿ ಹೊಂದಿಸುವುದು. ಆದರೆ ಒಂದು ಅಂಗಡಿಯಲ್ಲಿ ನನಗೆ ಒಂದೇ ಕಡೆಯ ರಾಡ್ ತಿರುಗಿಸಿ, ಆಮೇಲೆ ಸ್ಟೀರಿಂಗ್ ಚಕ್ರವನ್ನೇ ಕಿತ್ತು ನೇರ ಕಾಣುವ ಹಾಗೆ ಕೂರಿಸಿ ಕಳಿಸಿದರು. ಕಣ್ಣಿಗೆ ಸರಿ. ಆದರೆ ಬಲಕ್ಕೆ ಪೂರ್ತಿ ತಿರುಗುತ್ತಿರಲಿಲ್ಲ, ಇಂಡಿಕೇಟರ್ ಸರಿಯಾದ ಜಾಗದಲ್ಲಿ ಆಫ್ ಆಗುತ್ತಿರಲಿಲ್ಲ. ನಿಮ್ಮ ಗಾಡಿ ಅಡಿಯಲ್ಲಿ ಎರಡೂ ಟೈ ರಾಡ್‌ನ ಹೊರಗೆ ಕಾಣುವ ಥ್ರೆಡ್ ಎಣಿಸಿ. ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಹದಿನೆಂಟು ಇದ್ದರೆ ಅದೇ ಆಟ ಆಡಿದ್ದಾರೆ. ಹಾಗೇ ಅಲ್ಲಿರುವ ಲಾಕ್ ನಟ್‌ಗೆ ಪಾನಾ ಹಾಕಿ ನೋಡಿ. ಅದು ಸಡಿಲ ಇದ್ದರೆ ಹದಿನೈದು ದಿನಕ್ಕೆ ಅಳತೆ ಯಾಕೆ ತಪ್ಪುತ್ತದೆ ಅಂತ ಬೇರೆ ಹುಡುಕುವುದೇ ಬೇಡ.

ಇಷ್ಟೆಲ್ಲ ಆದ ಮೇಲೆ ಮಷಿನ್‌ಗೆ ಹೋಗಿ, ಮಾಡುವ ಮೊದಲಿನದು ಮತ್ತು ಮಾಡಿದ ಮೇಲಿನದು ಎರಡೂ ಪ್ರಿಂಟ್ ಕೇಳಿ ತಗೊಳ್ಳಿ. ನಿಮ್ಮ ಗಾಡಿಯಲ್ಲಿ ಹೊಂದಿಸಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್, ಕ್ಯಾಸ್ಟರ್‌ಗೆ (ಚಕ್ರ ತಿರುಗುವ ಅಕ್ಷ ಹಿಂದೆ-ಮುಂದೆ ವಾಲಿರುವ ಕೋನ) ಕಂಪನಿಯವರು ಹೊಂದಿಸುವ ಜಾಗವೇ ಕೊಟ್ಟಿಲ್ಲ. ಹಾಗಾಗಿ "ಕ್ಯಾಂಬರ್ ಸರಿ ಮಾಡ್ತೀವಿ, ಇಷ್ಟು ಜಾಸ್ತಿ ಆಗ್ತದೆ" ಅಂದರೆ ಏನು ಬಗ್ಗಿಸುತ್ತೀರಿ ಅಂತ ಕೇಳಿ. ಎಡ-ಬಲದ ಕ್ಯಾಂಬರ್‌ನಲ್ಲಿ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಟ್ರಟ್ಟೋ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಲೋಯರ್ ಆರ್ಮೋ ಬಗ್ಗಿರುತ್ತದೆ, ಅದನ್ನು ಬದಲಾಯಿಸಬೇಕೇ ಹೊರತು ಚೈನ್ ಹಾಕಿ ಎಳೆಸಬಾರದು.

ಮೊದಲು ಆ ಟೈರ್ ಅದಲುಬದಲು ಮಾಡಿ, ಎಳೆತ ಯಾವ ಕಡೆ ಹೋಯಿತು ಅಂತ ಇಲ್ಲೇ ಬರೆಯಿರಿ. ಥ್ರೆಡ್ ಲೆಕ್ಕವನ್ನೂ ಹಾಕಿ, ಫೋಟೋ ಇದ್ದರೆ ಇನ್ನೂ ಒಳ್ಳೇದು.