ಸಮುದಾಯ ಕಲಾಕೇಂದ್ರದಲ್ಲಿ ಅತಿಥಿ ಕ್ಯುರೇಟರ್ ಆಗಿ ಪ್ರದರ್ಶನ ಮಾಡಲು ಪ್ರಸ್ತಾವ ಬರೆಯುವುದು ಹೇಗೆ?
ಕೇಂದ್ರದ ಸಿಬ್ಬಂದಿ ಅಲ್ಲದವರೂ ಕ್ಯುರೇಟರ್ ಆಗಿ, ಅಂದರೆ ಕೃತಿಗಳನ್ನು ಆರಿಸಿ ಪ್ರದರ್ಶನ ರೂಪಿಸುವವರಾಗಿ, ಸಮಕಾಲೀನ ಕಲಾ ಪ್ರದರ್ಶನದ ಪ್ರಸ್ತಾವ ಕೊಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಕೊಡಬಹುದು. ಸ್ವಿಟ್ಜರ್ಲೆಂಡಿನ ಹರಾಲ್ಡ್ ಝೀಮಾನ್ ಅಂಥವರು 1969ರಲ್ಲಿ ಬರ್ನ್‌ನ ಕಲಾಸಂಸ್ಥೆ ಬಿಟ್ಟ ಮೇಲೆ ಸ್ವತಂತ್ರ ಕ್ಯುರೇಟರ್ ಆಗಿಯೇ ದುಡಿದವರು.

ಬರೆಯುವ ಮೊದಲು ಅಳತೆ ಟೇಪ್ ಹಿಡಿದು ಜಾಗ ನೋಡಿ ಬನ್ನಿ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರಕ್ಕೆ ಬರುವಂತೆ ತೂಗುಹಾಕುವುದು ರೂಢಿ. ಸರಿಯಾಗಿ ಅಲ್ಲೇ ಸ್ವಿಚ್‌ಬೋರ್ಡ್ ಇದ್ದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು! ಕಾಗದದ ಮೇಲಿನ ಕೃತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಸಾಕು, ಹಾಗಾಗಿ ಬಿಸಿಲು ಬೀಳುವ ಕಿಟಕಿ ಎದುರು ಅವು ಬೇಡ.

ಪ್ರಸ್ತಾವ ಎರಡು ಪುಟ ಇದ್ದರೆ ಸಾಕು. ಮೊದಲ ಪ್ಯಾರಾದಲ್ಲೇ ವಿಷಯ ಹೇಳಿಬಿಡಿ. ಸುಮ್ನೆ ‘ಗುರುತು ಮತ್ತು ನೆನಪು’ ಅಂತ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ‘ಮನೆ ಬದಲಿಸುವಾಗ ಬಿಟ್ಟುಬಂದ ಸಾಮಾನುಗಳ ಬಗ್ಗೆ ಐದು ಕಲಾವಿದರ ಕೆಲಸ’ ಅಂದರೆ ಕೋಣೆಯೇ ಕಣ್ಮುಂದೆ ಬರುತ್ತದೆ, ಅಲ್ವಾ? ಜೊತೆಗೆ ಎಂಟು-ಹತ್ತು ಫೋಟೋ ಇಡಿ. ಪ್ರತಿಯೊಂದಕ್ಕೂ ಕಲಾವಿದರ ಹೆಸರು, ವರ್ಷ, ಮಾಧ್ಯಮ, ಅಳತೆ ಇರಲಿ. ಕಲಾವಿದರ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಕೇಳದೆ ಹೆಸರು ಹಾಕುವುದು ದೊಡ್ಡ ತಪ್ಪು.

ಬಜೆಟ್‌ನಲ್ಲಿ ಕಲಾವಿದರ ಸಂಭಾವನೆ, ಸಾಗಣೆ, ಅಳವಡಿಕೆ, ವಿಮೆ ಎಲ್ಲ ಬೇರೆ ಬೇರೆ ತೋರಿಸಿ. ಕೃತಿ ಕಲಾವಿದರ ಗೋಡೆಯಿಂದ ಇಳಿದು ಮತ್ತೆ ಅಲ್ಲಿಗೇ ಮರಳುವ ತನಕ ವಿಮೆ ಇರಬೇಕು. ಯಾರ ವಿಮೆ, ಕೇಂದ್ರದ್ದಾ ನಿಮ್ಮದಾ ಅಂತ ಆಗಲೇ ಕೇಳಿ. ನಿಮ್ಮ ಸಂಭಾವನೆಯನ್ನೂ ಬರೆಯಿರಿ, ಹೊಸಬರು ಜಾಸ್ತಿ ಮರೆಯುವುದು ಅದನ್ನೇ. ಎಷ್ಟೋ ಕೇಂದ್ರಗಳ ಕ್ಯಾಲೆಂಡರ್ ವರ್ಷದ ಮೊದಲೇ ತುಂಬಿರುತ್ತದೆ, ಬೇಗ ಕಳಿಸಿ.