ನೀರು ಬಿಡುವ ನಿಯಮಕ್ಕೆ ಅಜೈಲ್ ನಡೆಯುತ್ತಾ?

ನಮಸ್ಕಾರ ಸರ್. ಸ್ವಲ್ಪ ಸ್ವಲ್ಪ ಮಾಡಿ, ನೋಡಿ, ತಿದ್ದುತ್ತಾ ಹೋಗುವ ಸಾಫ್ಟ್‌ವೇರ್‌ನವರ ಅಜೈಲ್ ಪದ್ಧತಿ ಯಾದಗಿರಿ ಕಡೆಯ ನಿಮ್ಮ ಪಂಚಾಯತಿಯ ನೀರಿನ ನಿಯಮಕ್ಕೆ ನಡೆಯುತ್ತಾ ಎಂದು ಕೇಳಿದ್ದೀರಿ. ನಡೆಯುತ್ತದೆ, ಆದರೆ ಎಲ್ಲಕ್ಕೂ ಅಲ್ಲ.

2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಹಾಕಿಕೊಂಡ ಯೋಜನೆಗಿಂತ ಬದಲಾವಣೆಗೆ ಸ್ಪಂದಿಸುವುದು ಮುಖ್ಯ ಎಂಬ ಅದರ ಮಾತು ನಿಮಗೆ ಬೇಕಾದದ್ದು. ಬ್ರಿಟನ್ ಸರ್ಕಾರ 2012ರಲ್ಲಿ ತನ್ನ ವೆಬ್‌ಸೈಟನ್ನು ಹೀಗೇ ಕಟ್ಟಿತು. ಆದರೆ ವೆಬ್‌ಸೈಟ್ ಬೇರೆ, ನೀರು ಬೇರೆ ಅಲ್ವಾ? ಪುಟ ಕೆಟ್ಟರೆ ಸಂಜೆಯೊಳಗೆ ಸರಿಮಾಡಬಹುದು. ನೀರು ತಪ್ಪಿದರೆ ಹೆಣ್ಣುಮಕ್ಕಳು ಏಪ್ರಿಲ್ ಬಿಸಿಲಲ್ಲಿ ಕೊಡ ಹೊತ್ತು ನಡೆಯಬೇಕು.

ಅದಕ್ಕೇ ಒಂದೇ ಓಣಿಯಿಂದ ಶುರು ಮಾಡಿ. ನೀರು ಬಿಡುವ ಹೊತ್ತು ಬದಲಿಸಿ, ಎರಡು ವಾರ ನೋಡಿ. ಆಮೇಲೆ ವಾಟರ್‌ಮ್ಯಾನ್ ಜೊತೆ ಓಣಿಯ ಕೊನೆಯ ಮನೆಯವರನ್ನೂ ಕೂರಿಸಿ ಕೇಳಿ. ಒತ್ತಡ ಕಡಿಮೆಯಾಗುವುದು ಕೊನೆಯ ನಳದಲ್ಲೇ, ಅವರ ಮಾತು ಬಿಡಬೇಡಿ. ದೂರು ಬರೆದಿಟ್ಟು, ಮುಂದಿನ ಎರಡು ವಾರಕ್ಕೆ ತಿದ್ದಿ. ಗ್ರಾಮಸಭೆಯ ತನಕ ಸುಮ್ನೆ ಕಾಯಬೇಡಿ, ಕಟ್ಟೆಯ ಮೇಲೇ ಕೂಡಿ.

ನೀರಿನ ದರ, ಟೆಂಡರ್ ಮಾತ್ರ ಹೀಗೆ ಮುಟ್ಟಬೇಡಿ. ಅವಕ್ಕೆ ಠರಾವು ಬೇಕು, ಆಡಿಟ್ ಇದೆ. ಪದೇ ಪದೇ ದರ ಬದಲಾದರೆ ಕಟ್ಟುವವರೂ ಕಟ್ಟುವುದು ಬಿಡುತ್ತಾರೆ.